ಮ್ಯಾನೇಜರ್ ಸಾಹೇಬರ ಕೆನೆ ಚಹಾ

ಯಾದಗಿರಿಯ ಹತ್ತಿ ಮಿಲ್ಲಿನಲ್ಲಿ ನನಗೆ ಎಚ್‌ಆರ್ ಕೆಲಸ ಕಲಿಸಿದವರು ನಮ್ಮ ಮ್ಯಾನೇಜರ್ ಸಾಹೇಬರು. "ಮಂದಿ ಗುರ್ತ ಇರ್ಬೇಕಪಾ" ಎನ್ನುತ್ತ ಶಹಾಪುರ, ಸುರಪುರದ ಯಾವ ಮದುವೆಯನ್ನೂ ಬಿಡದೆ ನನ್ನನ್ನು ಕರೆದೊಯ್ದು, ಊಟದ ಪಂಕ್ತಿಯಲ್ಲಿ ಮಿಲ್ಲಿನ ಮಾಲೀಕರ ಪಕ್ಕವೇ ಕೂಡಿಸುತ್ತಿದ್ದರು. ಯಾರನ್ನಾದರೂ ಕೆಲಸದಿಂದ ತೆಗೆಯುವ ದಿನ ಅವರಿಗೆ ಸಕ್ಕರೆ ಹೆಚ್ಚು ಹಾಕಿದ ಕೆನೆ ಚಹಾ ತರಿಸುವುದು ಸಾಹೇಬರ ಪದ್ಧತಿ. ಆ ಚಹಾ ಕಂಡರೆ ಸಾಕು, ಮಿಲ್ಲಿನ ಮಂದಿ ತಮ್ಮ ಬುತ್ತಿ ಗಂಟು ಕಟ್ಟಿಕೊಳ್ಳುತ್ತಿದ್ದರು.

ಪಂಕ್ತಿಯ ಪರಿಚಯ ಬಲಿತು, ಮಾಲೀಕರು ಸಾಹೇಬರನ್ನು ಕೆಲಸದಿಂದ ತೆಗೆದು ಅವರ ಕುರ್ಚಿಯನ್ನು ನನಗೇ ಕೊಟ್ಟರು. ಸಾಹೇಬರಿಗೆ ಆ ಸುದ್ದಿ ತಿಳಿಸುವ ಕೆಲಸವೂ ನನ್ನದೇ ಆಯಿತು. ಅವರನ್ನು ಕೂಡಿಸಿ ಅದೇ ಕೆನೆ ಚಹಾ ತರಿಸಿದೆ. ಅವರು ಕಪ್ಪನ್ನೂ ನನ್ನನ್ನೂ ನೋಡಿದರು. ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

"ಸಕ್ಕರಿ ಕಮ್ಮಿ ಆಗ್ಯಾದಲ್ಲೋ! ಹಿಂಗೇನು ನಾ ಕಲಿಸಿದ್ದು?"