ವಿಠ್ಠಲವಾಡಿಯ ಬ್ಯಾಂಡಿಗೆ ರಾಕ್ ಹಾಡು

ವಿಜಯಪುರದಲ್ಲಿ ಹತ್ತಿದ ಗಾಡಿ ಕಲ್ಯಾಣ ಮುಟ್ಟಿದಾಗ ಬೆಳಗಾಗಿತ್ತು. ಸೊಲ್ಲಾಪುರದ ತನಕ ಮಲಗಿದ್ದೆ, ಮುಂದೆ ಯಾರದೋ ಗಂಟುಮೂಟೆಗೆ ಜಾಗ ಬಿಟ್ಟು ಕೂತೇ ಬಂದೆ. ಇಳಿದರೆ ಮೈಗಂಟುವ ಸೆಕೆ. ಬ್ಯಾಂಡುಗಳಿಗೆ ಹಾಡು ಕೂಡಿಸುವುದು ನನ್ನ ಕಸುಬು. ಯಾವ ವಾದ್ಯ ಯಾವ ಸಾಲು ನುಡಿಸಬೇಕೆಂದು ಹಂಚಿ ಕಲಿಸುತ್ತೇನೆ. ಈ ಸಲ ಕರೆಸಿದವನು ಯಲ್ಲಪ್ಪ. ನಮ್ಮ ಕಡೆಯವನೇ, ವಿಠ್ಠಲವಾಡಿಯ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾನೆ. ನವಿ ಮುಂಬಯಿಯ ಸಾನಪಾಡಾದ ಹೌಸಿಂಗ್ ಸೊಸೈಟಿಯೊಂದರ ವಾರ್ಷಿಕೋತ್ಸವದ ಮೆರವಣಿಗೆಗೆ ಸಿನಿಮಾ ಹಾಡು ಬೇಡವಂತೆ, ಎಲ್ಲರಿಗೂ ಗೊತ್ತಿರುವ ಒಂದು ಇಂಗ್ಲಿಷ್ ರಾಕ್ ಹಾಡೇ ಬೇಕಂತೆ.

ಲೋಕಲ್‌ನಲ್ಲಿ ವಿಠ್ಠಲವಾಡಿ ಮುಂದಿನ ಸ್ಟೇಷನ್ನು. ಅಲ್ಲಿ ಕಾದಿದ್ದ ಯಲ್ಲಪ್ಪ ವಡಾಪಾವ್ ತಿನ್ನುತ್ತ ಮನಸ್ಸಿನದ್ದು ಹೇಳಿಕೊಂಡ. ಅವನ ಮಗಳು ರೇಣು ಕಾಲೇಜಿನಲ್ಲಿದ್ದಾಳೆ. ಅಪ್ಪ ಜರಿ ಕೋಟು ಹಾಕಿ ಬೀದಿಯಲ್ಲಿ ಊದುವುದೆಂದರೆ ಅವಳಿಗೆ ನಾಚಿಕೆ, ಒಮ್ಮೆಯೂ ಬಂದು ಕೇಳಿಲ್ಲ. ಸೊಸೈಟಿಯವರು ಕೇಳಿದ್ದು ಅವಳ ಇಷ್ಟದ ಹಾಡು, ಅದಕ್ಕೇ ಬರುತ್ತೇನೆ ಎಂದಿದ್ದಾಳೆ. ಕೊನೆಯಲ್ಲಿ ಗಿಟಾರ್ ಒಂದೇ ಮೇಲೇರುವ ಭಾಗವನ್ನು ತನಗೇ ಕೊಡಬೇಕೆಂದು ಕೇಳಿದ. ಕೊಟ್ಟೆ. ಉಳಿದವರು ಸದ್ದಿಳಿಸಬೇಕು, ಟ್ರಂಪೆಟ್ ಏರಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಬಾರಿಸಿ ಮುಗಿಸಬೇಕು.

ಹಳಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ತಾಲೀಮು. ಗಿಟಾರಿನ ಗುಡುಗನ್ನು ಟ್ರೊಂಬೋನಿಗೆ ಕೊಟ್ಟೆ, ಡ್ರಮ್ಮಿನ ಪೆಟ್ಟನ್ನು ಹೆಜ್ಜೆಗೆ ಹೊಂದಿಸಿದೆ. ಚುರುಕು ಜನ, ಕಿವಿಯಲ್ಲೇ ಹಿಡಿದರು. ಆದರೆ ಮುಕ್ತಾಯ ಮಾತ್ರ ಒಲ್ಲೆನೆಂದಿತು. ಟ್ರಂಪೆಟ್ ಏರುವ ಹೊತ್ತಿಗೆ ಸರಿಯಾಗಿ ಇಡೀ ಬ್ಯಾಂಡು ಹಾಡಿನ ಮೊದಲಿಗೆ ಓಡುತ್ತಿತ್ತು. ನನಗೆ ತಲೆ ಕೆಟ್ಟು ಹೋಯಿತು, ನಿಮಗೇನು ದೆವ್ವ ಬಡಿದಿದೆಯೇ ಎಂದು ಬೈದೆ.

"ಮದುವ್ಯಾಗ ಹಾಡು ಮುಗಸೋದ ಇಲ್ರಿ ಸರ," ಎಂದ ಯಲ್ಲಪ್ಪ. "ಮುಂದ ನಿಂತವರು ಯಾರರ ಕೈ ಎತ್ತಿದ್ರ ನಿಲ್ಲಸ್ತೀವಿ. ಅಲ್ಲೀತನಕ ತಿರುಗಿ ತಿರುಗಿ ಅದನ್ನ ಬಾರಸ್ತೀವಿ."

ಇಷ್ಟು ವರ್ಷ ಊದಿ ಒಂದು ಹಾಡನ್ನೂ ಮುಗಿಸಿರದ ಜನ! ಹಟ ಹಿಡಿದು ಕಲಿಸಿದೆ. ಮೆರವಣಿಗೆಯ ಹಿಂದಿನ ದಿನ ಸರಿಬಂತು. ಕೊನೆಯ ಪೆಟ್ಟು ಬಿದ್ದ ಮೇಲೆ ಯಲ್ಲಪ್ಪ ಡೋಲಿನ ಪೆಟ್ಟಿಗೆಯ ಮೇಲೆ ಕೂತು ಕಣ್ಣೊರೆಸಿಕೊಂಡ.

ರವಿವಾರ ಬ್ಯಾಂಡಿನವರು ಟೆಂಪೊದಲ್ಲಿ ಹೋದರು. ನಾನು, ಯಲ್ಲಪ್ಪನ ಹೆಂಡತಿ, ರೇಣು ಲೋಕಲ್ ಹಿಡಿದೆವು. ಡೊಂಬಿವಲಿಯಲ್ಲಿ ನುಗ್ಗಿದ ಜನ ನನ್ನನ್ನು ಬಾಗಿಲಿಂದ ಕಿಟಕಿಗೆ ಒತ್ತಿ ನಿಲ್ಲಿಸಿದರು. ಠಾಣೆಯಲ್ಲಿ ನವಿ ಮುಂಬಯಿಯ ಗಾಡಿಗೆ ಬದಲಿಸಿದ ಮೇಲೆಯೇ ಉಸಿರಾಡಿದ್ದು. ನಾನು ಕನ್ನಡದಲ್ಲಿ ಕೇಳಿದರೆ ರೇಣು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಆ ಕೊನೆಯ ಭಾಗ ಅಪ್ಪನಿಗೆ ನಿಜವಾಗಿ ಬರುತ್ತದೆಯೇ ಎಂದು ಎರಡು ಸಲ ವಿಚಾರಿಸಿದಳು. ಕೇಳಿ ನೋಡು ಎಂದೆ.

ಸಾನಪಾಡಾದ ರಸ್ತೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬ್ಯಾಂಡು ಶುರುಮಾಡಿದ್ದೇ ಬಾಲ್ಕನಿಗಳು ತುಂಬಿದವು. ರೇಣು ಫೋನ್ ಎತ್ತಿ ಹಿಡಿದಳು. ಟ್ರೊಂಬೋನು ಇಳಿಯಿತು, ಡ್ರಮ್ಮು ಮೆತ್ತಗಾಯಿತು. ಯಲ್ಲಪ್ಪ ಉಸಿರು ತುಂಬಿಕೊಂಡು ಏರತೊಡಗಿದ. ಅಷ್ಟರಲ್ಲಿ ಮುಂದಿದ್ದ ಸೊಸೈಟಿಯ ಸೆಕ್ರೆಟರಿ ಫೋಟೋದವನನ್ನು ಕರೆಯಲು ಕೈ ಎತ್ತಿದರು.

ಬ್ಯಾಂಡು ನಿಂತಿತು. ಒಬ್ಬನೂ ಹಿಂದೆಮುಂದೆ ಆಗಲಿಲ್ಲ. ಯಲ್ಲಪ್ಪನ ತುಟಿಯಿಂದ ಟ್ರಂಪೆಟ್ ಆಗಲೇ ಕೆಳಗಿಳಿದಿತ್ತು. ನಿಲ್ಲಿಸಬೇಡಿ ಎಂದು ನಾನು ಕೂಗುವಷ್ಟರಲ್ಲಿ ಮೆರವಣಿಗೆಯ ಹಿಂದೆ ಬರುತ್ತಿದ್ದ ಲಾರಿಯ ಡಿಜೆ ಸಿನಿಮಾ ಹಾಡು ಹಾಕಿದ, ಜನ ಅದಕ್ಕೇ ಕುಣಿದರು. ಸೆಕ್ರೆಟರಿಗೆ ಏನಾಯಿತೆಂಬುದೇ ತಿಳಿಯಲಿಲ್ಲ. ಚೆನ್ನಾಗಿತ್ತು ಎಂದು ನನ್ನ ಬೆನ್ನು ತಟ್ಟಿ ಹೋದರು.  ನನಗೆ ಆ ಕೈಯನ್ನು ಕಚ್ಚಿಬಿಡಬೇಕೆನಿಸಿತು.

ಟೆಂಪೊ ಬಳಿ ರೇಣು ಅಪ್ಪನನ್ನು ಹಿಡಿದು ನಿಲ್ಲಿಸಿದಳು. "ರುಕೇ ಕ್ಯೂಂ, ಪಪ್ಪಾ? ವೋ ತೋ ಫೋಟೋವಾಲೇ ಕೋ ಬುಲಾ ರಹೇ ಥೇ." ಯಾಕೆ ನಿಲ್ಲಿಸಿದೆ, ಅವರು ಕರೆದದ್ದು ಫೋಟೋದವನನ್ನಲ್ಲವೇ ಎಂದು.

"ಕೈ ಎತ್ತಿದ್ರವ್ವಾ," ಎಂದ ಯಲ್ಲಪ್ಪ.

ಹಾಗಾದರೆ ಇಲ್ಲೇ ಬಾರಿಸು, ನನಗೊಬ್ಬಳಿಗೇ ಎಂದಳು. ನಾನು ಸ್ಟೇಷನ್ನಿನ ಕಡೆ ತಿರುಗಿದವನು ನಿಂತೆ. ಯಲ್ಲಪ್ಪ ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಈಗ ಬ್ಯಾಡವ್ವಾ. ಸಂಜೀಕ ಕಲ್ಯಾಣದಾಗ ಒಂದು ಮದುವಿ ಮೆರವಣಿಗಿ ಐತಿ. ಅಲ್ಲಿ ಊದಾಕ ತುಟಿ ಉಳಿಸ್ಕೊಬೇಕು."