ನೋಯದ ಗಾಯ

ನಮ್ಮ ಭಾವ ಬನಿಯನ್ ಬಿಚ್ಚಿದರೆ ಮಾಗಿದ ಬಾಳೆಹಣ್ಣಿನ ಸಿಪ್ಪೆ ನೋಡಿದ ಹಾಗಾಗುತ್ತದೆ. ಕುತ್ತಿಗೆಯಿಂದ ಹೊಟ್ಟೆಯವರೆಗೆ ಸಣ್ಣ ಸಣ್ಣ ಕಂದು ಚುಕ್ಕೆ, ಎಲ್ಲವೂ ವೆಲ್ಡಿಂಗ್ ಕಿಡಿ ಬಿದ್ದು ಸುಟ್ಟ ಕಲೆಗಳು. ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡುವ ನಮ್ಮ ಶೆಡ್ಡಿಗೆ ಅವರೇ ದೊಡ್ಡ ವೆಲ್ಡರ್. ಅವರು ಬೆಸೆದ ಜಾಯಿಂಟು ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಕು, ಕಣ್ಣಿಗೆ ಸಿಗುವುದಿಲ್ಲ. ನಾನು ಅವರ ಹೆಂಡತಿಯ ತಮ್ಮ. ಅಕ್ಕನ ಮದುವೆಯಾದ ಮೇಲೆ, "ನಿನ್ನ ತಮ್ಮ ಗೋಡೆಗೆ ಒರಗಿ ಒರಗಿ ಸುಣ್ಣವೆಲ್ಲ ಸವೆಸಿಬಿಟ್ಟ, ನಾಳೆಯಿಂದ ನನ್ನ ಜೊತೆ ಕಳಿಸು" ಎಂದು ನನ್ನನ್ನು ಶೆಡ್ಡಿಗೆ ಎಳೆದು ತಂದವರೂ ಅವರೇ.

ಶೆಡ್ಡಿನಲ್ಲಿ ಒಂದು ಕಟ್ಟಳೆಯಿದೆ. ಬೆಸೆಯುತ್ತಿರುವಾಗ ಕಿಡಿ ಅಂಗಿಯೊಳಗೆ ಹೋಗಲಿ, ಚಡ್ಡಿಯೊಳಗೇ ಹೋಗಲಿ, ಜಾಯಿಂಟು ಮುಗಿಯುವತನಕ ಕೈ ಅಲುಗಬಾರದು. ಅಲುಗಿದರೆ ಕಬ್ಬಿಣಕ್ಕೆ ತೂತು, ಆಸಾಮಿಗೆ ಅಡ್ಡಹೆಸರು. ನನಗೆ ಮೊದಲ ದಿನವೇ ಒಂದು ಕಿಡಿ ಕಾಲರಿನೊಳಗೆ ಜಾರಿತು. ನಾನು ವೆಲ್ಡಿಂಗ್ ರಾಡು ಸಿಕ್ಕಿಸಿದ್ದ ಹೋಲ್ಡರು ಎಸೆದು, ಅಂಗಿ ಕಿತ್ತು, ಶೆಡ್ಡಿನ ತುಂಬ ಕುಣಿದೆ. ಅಂದಿನಿಂದ ನನ್ನ ಹೆಸರು ನಾಟ್ಯ. ನನ್ನನ್ನು ಕಬ್ಬಿಣ ಉಜ್ಜುವ ಗ್ರೈಂಡರಿಗೂ ಕೆಂಪು ಬಣ್ಣದ ಡಬ್ಬಕ್ಕೂ ಒಪ್ಪಿಸಿದರು. ಈಗಲೂ ಅಲ್ಲೇ ಇದ್ದೇನೆ. ಬೇರೆಯವರು ಬೆಸೆದದ್ದನ್ನು ಉಜ್ಜಿ ನುಣುಪು ಮಾಡಿ ಬಣ್ಣ ಹಚ್ಚುವುದು ನನ್ನ ಜೀವಮಾನದ ಸಾಧನೆ.

ಭಾವ ಹಾಗಲ್ಲ. ಅವರ ತೊಡೆಯ ಮೇಲೆ ಕೆಂಡದಂಥ ಚೂರು ಬಿದ್ದು ಬಟ್ಟೆ ಹೊಗೆಯಾಡುತ್ತಿದ್ದಾಗಲೂ ರಾಡು ನೇರ ಗೆರೆಯಲ್ಲೇ ಸಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮುಗಿಸಿ, ಮುಖದ ಶೀಲ್ಡ್ ಎತ್ತಿ, ತೊಡೆ ಕೊಡವಿ, "ನೋವಾದ್ರೆ ತಾನೇ ಗಾಯ?" ಅಂದರು. ಅದು ಅವರ ವೇದವಾಕ್ಯ. ಜ್ವರ ಬಂದರೂ ಅದೇ, ಹಲ್ಲು ಹುಳುಕಾದರೂ ಅದೇ. ಡಾಕ್ಟರ ಮನೆ ಬಾಗಿಲು ತುಳಿದವರಲ್ಲ.

ಮದುವೆಯಾದ ಕೆಲವು ತಿಂಗಳಿಗೆ ಅವರು ದೂರದ ಊರಿನಲ್ಲಿ ಗೋದಾಮಿನ ಚಾವಣಿ ಕೂರಿಸುವ ಕೆಲಸಕ್ಕೆ ಹೋದರು. ಮಳೆಗಾಲ ಮುಗಿಯುವವರೆಗೂ ಅಲ್ಲೇ ತಗಡಿನ ಗುಡಾರದಲ್ಲಿ ವಾಸ. ಮರಳಿ ಬಂದ ಮೇಲೆ ಟೀ ಹೊತ್ತಿನಲ್ಲಿ ಎಲ್ಲರಿಗೂ ಒಂದು ಕತೆ ಹೇಳಿದರು.

"ಒಂದು ಕಿಡಿ ನೋಡ್ರಪ್ಪ, ಸರಿಯಾದ ವಿಳಾಸ ಹುಡುಕ್ಕೊಂಡು ಬಂದಿತ್ತು. ಎಲ್ಲಿಗೆ ಅಂತ ಕೇಳ್ಬೇಡಿ, ಇಲ್ಲಿ ಮದುವೆಯಾಗದ ಮಕ್ಕಳಿದ್ದಾರೆ."

ಮದುವೆಯಾಗದ ಮಗು ನಾನೇ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು.

"ವಿಚಿತ್ರ ಅಂದ್ರೆ, ಯಾವಾಗ ಬಿತ್ತೋ ಗೊತ್ತೇ ಆಗ್ಲಿಲ್ಲ. ಗಟ್ಟಿ ಅಂಚಿನ ಹುಣ್ಣು, ಒಂಚೂರೂ ನೋಯ್ಲಿಲ್ಲ. ಸುಟ್ಟ ಗಾಯದ ಮುಲಾಮು ಹಚ್ಚಿದೆ, ತಾನಾಗಿ ಮಾಯ್ತು."

"ನಿನ್ನ ಮೈ ಪಳಗಿದೆ ಬಿಡಪ್ಪ, ಅದು ಚರ್ಮ ಅಲ್ಲ, ತಗಡು," ಅಂದರು ಶೆಡ್ಡಿನ ಯಜಮಾನರು.

ಮುಂದೆ ಅಂಗೈ ಅಂಗಾಲುಗಳಲ್ಲಿ ತಾಮ್ರದ ಬಣ್ಣದ ಕಲೆಗಳೆದ್ದವು. ಹೊಸ ಕೈಗವಸಿನ ಚರ್ಮ ಕೆಟ್ಟದ್ದು ಎಂದು ಕೈಗವಸು ಮಾರಿದವನನ್ನು ಬೈದರು. ಅಂಗಾಲಿಗೆ ಯಾರೂ ಕೈಗವಸು ಹಾಕುವುದಿಲ್ಲ ಎಂಬುದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಆ ಕಲೆಗಳೂ ತಾವಾಗಿ ಮಾಸಿದವು.

ಅಷ್ಟರಲ್ಲಿ ಅಕ್ಕ ಬಸುರಿ. ತಿಂಗಳು ತುಂಬುವ ಮೊದಲೇ ಹೊಟ್ಟೆಯೊಳಗಿನ ಮಗು ಅಲುಗಾಡುವುದು ನಿಲ್ಲಿಸಿತು. ಪಕ್ಕದ ಬೀದಿಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು, ಉಸಿರಿರಲಿಲ್ಲ. ಗಂಡು. ಭಾವ ಆ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಡೆದರು, ನಾನು ಹಿಂದೆ ಗುದ್ದಲಿ ಹಿಡಿದು ನಡೆದೆ. ಯಾಕೆ ಹೀಗಾಯಿತು ಎಂದು ನರ್ಸಿಂಗ್ ಹೋಮಿನವರು ಹೇಳಲಿಲ್ಲ, ಹುಡುಕಲೂ ಇಲ್ಲ. ಆ ಕೆಲಸವನ್ನು ಭಾವನ ಅಮ್ಮ, ಅಂದರೆ ಅಕ್ಕನ ಅತ್ತೆ, ವಹಿಸಿಕೊಂಡರು.

"ಇವಳ ಹೊಟ್ಟೇನೇ ಸರಿಯಿಲ್ಲ. ಕೂಸನ್ನ ಹಿಡ್ಕೊಳ್ಳೋಕೆ ಬರಲ್ಲ," ಎಂದು ಬಂದವರಿಗೆಲ್ಲ ಹೇಳಿದರು. ಅಕ್ಕ ಅಡುಗೆಮನೆಯ ಒಳಗಿನಿಂದ ಕೇಳಿಸಿಕೊಂಡಳು. ಪಾತ್ರೆ ತೊಳೆಯುವ ಸದ್ದು ಮಾತ್ರ ನಿಲ್ಲಲಿಲ್ಲ.

ಮತ್ತೆ ಬಸುರಾದಾಗ ಅವಳು ಯಾರನ್ನೂ ಕೇಳದೆ ದೊಡ್ಡ ಹೆರಿಗೆ ಆಸ್ಪತ್ರೆಗೆ ಹೋದಳು. ಅಲ್ಲಿ ಬಸುರಿಯರಿಗೆಲ್ಲ ರಕ್ತ ಪರೀಕ್ಷೆ ಮಾಡುತ್ತಾರೆ. ಡಾಕ್ಟರಮ್ಮ ಅವಳನ್ನು ಒಳಗೆ ಕೂರಿಸಿಕೊಂಡು, ರಕ್ತದಲ್ಲಿ ಸಿಫಿಲಿಸ್ ಇದೆ, ವಾರಕ್ಕೊಂದರಂತೆ ಮೂರು ಪೆನಿಸಿಲಿನ್ ಇಂಜೆಕ್ಷನ್ ಬೇಕು, ಗಂಡನನ್ನೂ ಕರೆದುಕೊಂಡು ಬಾ ಎಂದರು. ಮೊದಲ ಇಂಜೆಕ್ಷನ್ ಆಗಲೇ ಕೊಟ್ಟರು. ಸಂಜೆ ಚಳಿಜ್ವರ ಬರಬಹುದು, ಹೆದರಬೇಡ, ಹೊಟ್ಟೆ ನೋವು ಬಂದರೆ ತಕ್ಷಣ ಬಾ ಎಂದೂ ಹೇಳಿದರು.

ಅಕ್ಕ ಆ ಪದವನ್ನು ಮನೆಗೆ ತಂದಳು. ಭಾವನಿಗೂ ಅತ್ತೆಗೂ ಅದು ಯಾವುದೋ ಸೋಪಿನ ಹೆಸರಿನಂತೆ ಕೇಳಿಸಿತು. ಜಗತ್ತಿನ ಜ್ಞಾನವೆಲ್ಲ ಫೋನಿನಲ್ಲಿಟ್ಟುಕೊಂಡು ತಿರುಗುವ ನಾನು ಹುಡುಕಿ ನೋಡಿದೆ. ಮೊದಲ ಚಿತ್ರಕ್ಕೇ ಫೋನು ಮಗುಚಿಟ್ಟೆ. ಮತ್ತೆ ತೆರೆದು ಮೊದಲೆರಡು ಸಾಲು ಮಾತ್ರ ಓದಿ, ಗಂಟಲು ಸರಿಮಾಡಿಕೊಂಡು, "ಇದು ಒಬ್ಬರಿಂದ ಒಬ್ಬರಿಗೆ ದಾಟೋದಂತೆ, ಭಾವ. ನೀವೂ ಒಂದ್ಸಲ..." ಎನ್ನುವಷ್ಟರಲ್ಲಿ ಅತ್ತೆ ನನ್ನನ್ನು ತಡೆದರು.

"ಮೀಸೆ ಬರೋಕೆ ಮುಂಚೆ ಹೆರಿಗೆ ಡಾಕ್ಟರಾದ ನೋಡು! ನನ್ನ ಮಗನಿಗೆ ಏನಾಗಿದೆಯೋ? ಗುಂಡುಕಲ್ಲು ಹಾಗಿದ್ದಾನೆ."

"ನಂಗೆಲ್ಲೂ ನೋವೇ ಇಲ್ವಲ್ಲೋ," ಅಂದರು ಭಾವ. ಕೋಪವಿರಲಿಲ್ಲ, ನಿಜಕ್ಕೂ ಅರ್ಥವಾಗದವರ ಮುಖ.

ಸಂಜೆ ಡಾಕ್ಟರಮ್ಮ ಹೇಳಿದ ಹಾಗೇ ಅಕ್ಕನಿಗೆ ಚಳಿ ನಡುಕ ಬಂದು ಮೈ ಕಾದ ಹಂಚಾಯಿತು. ಎಚ್ಚರಿಸಿದ್ದರು ಎಂದು ಅವಳು ಹಲ್ಲು ಕಟಕಟಿಸುತ್ತಲೇ ಹೇಳಿದಳು. ಅತ್ತೆ ಕೇಳಲಿಲ್ಲ. "ಸೂಜಿ ಚುಚ್ಚೋಕೆ ಮುಂಚೆ ಚೆನ್ನಾಗೇ ಇದ್ಲು. ಮೊದಲನೇದು ಹೋಯ್ತು, ಇದನ್ನೂ ಆಸ್ಪತ್ರೆಯವರ ಕೈಲಿ ಕೊಲ್ಲಿಸ್ತೀಯಾ?" ಎಂದು ಮಗನನ್ನು ಹಿಡಿದುಕೊಂಡರು. ಭಾವ ಹೆಂಡತಿಯ ನಡುಕ ನೋಡಿದರು. ಅವರ ಲೆಕ್ಕ ಸರಳ: ರೋಗ ನೋಯುತ್ತಿಲ್ಲ, ಮದ್ದು ನೋಯುತ್ತಿದೆ. ಹಾಗಾದರೆ ಕೆಟ್ಟದ್ದು ಯಾವುದು? ಮರುದಿನ ಜ್ವರ ಇಳಿಯಿತು. ಆದರೂ, "ಇನ್ನು ಅಲ್ಲಿಗೆ ಹೋಗೋದು ಬೇಡ. ನನ್ನ ಮಾತು ಕೇಳು, ಈ ಮಗು ಉಳೀಬೇಕು," ಎಂದರು. ಅವರಿಗೆ ಮಗು ಬೇಕಿತ್ತು, ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಅದಕ್ಕಾಗಿಯೇ ಅವಳನ್ನು ತಡೆದರು.

ಅಕ್ಕ ಎರಡನೇ ಇಂಜೆಕ್ಷನ್ನಿಗೆ ಹೋಗಲಿಲ್ಲ. ಮೂರನೆಯದೂ ತಪ್ಪಿತು. ಹೊಟ್ಟೆ ದೊಡ್ಡದಾಗುತ್ತ ಬಂತು, ಮನೆಯಲ್ಲಿ ನಗುವೂ ಬಂತು. ಭಾವ ಶೆಡ್ಡಿನಲ್ಲಿ ಮಿಕ್ಕ ಕಂಬಿಗಳಿಂದ ತೊಟ್ಟಿಲು ಶುರುಮಾಡಿದರು. ಅಂಚುಗಳನ್ನು ನುಣ್ಣಗೆ ಉಜ್ಜುವ ಕೆಲಸ ನನ್ನದು. "ಲೇ ನಾಟ್ಯ, ಕೂಸಿನ ಕೈಗೆ ತರಚಿದ್ರೆ ನಿನ್ನ ಕೈ ಗ್ರೈಂಡರಿಗೆ ಕೊಡ್ತೀನಿ," ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅಕ್ಕ ನನ್ನ ಬಾಡಿಗೆ ರೂಮಿನ ಬಾಗಿಲಿಗೆ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

"ನಿನ್ನೆಯಿಂದ ಇದು ಸರಿಯಾಗಿ ಒದೀತಿಲ್ಲ ಕಣೋ. ಹೋದ ಸಲವೂ ಹೀಗೇ ಆಗಿತ್ತು. ಯಾರಿಗೂ ಹೇಳ್ದೆ ಬಂದಿದೀನಿ. ನಡಿ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹೊಟ್ಟೆಯ ಮೇಲೆ ಯಂತ್ರ ಆಡಿಸಿ, ಎದೆಬಡಿತ ಇದೆ ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅವರು ಸ್ಟೂಲು ಎಳೆದುಕೊಂಡು ಕೂತು ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು.

"ಇದು ದೇಹ ಸಂಬಂಧದಿಂದ ದಾಟೋ ಕಾಯಿಲೆ, ಅಪರೂಪದ್ದೇನಲ್ಲ. ಇಂಥವರಿಗೇ ಬರುತ್ತೆ ಅಂತಲೂ ಇಲ್ಲ. ಮೊದಲು ಗಟ್ಟಿ ಅಂಚಿನ ಒಂದು ಹುಣ್ಣು ಆಗುತ್ತೆ, ಸಾಮಾನ್ಯವಾಗಿ ನೋಯಲ್ಲ. ಹೆಂಗಸರಿಗೆ ಒಳಗಾದ್ರೆ ಕಾಣೋದೂ ಇಲ್ಲ. ಮದ್ದು ಮಾಡಿದ್ರೂ ಬಿಟ್ರೂ ಅದು ಮಾಯುತ್ತೆ. ಆಮೇಲೆ ಕೆಲವರಿಗೆ ಅಂಗೈ, ಅಂಗಾಲಲ್ಲಿ ಕಲೆ. ಅದೂ ಹೋಗುತ್ತೆ. ಜನ ವಾಸಿಯಾಯ್ತು ಅಂದ್ಕೋತಾರೆ. ಆದ್ರೆ ರೋಗ ರಕ್ತದಲ್ಲೇ ಕೂತಿರುತ್ತೆ. ವರ್ಷಗಟ್ಟಲೆ ಸುಮ್ನಿದ್ದು ಕಣ್ಣು, ಮಿದುಳು, ಹೃದಯಕ್ಕೂ ಹೋಗಬಹುದು. ಬಸುರಿಯಾದ್ರೆ ಮಗುವಿಗೆ ದಾಟುತ್ತೆ. ಬೇಗ ಸಿಕ್ಕಿದ್ರೆ ಪೆನಿಸಿಲಿನ್‌ಗೆ ಪೂರ್ತಿ ಬಗ್ಗೋ ರೋಗ ಇದು. ನಡುವೆ ನಿಲ್ಲಿಸಿದ್ದಕ್ಕೆ ಈಗ ಮೊದಲಿಂದ ಶುರು ಮಾಡ್ಬೇಕು."

"ಜ್ವರ ಬಂದಿತ್ತು..." ಎಂದಳು ಅಕ್ಕ.

"ಮದ್ದು ಕೆಲಸ ಮಾಡಿದಾಗ ಬರೋ ಜ್ವರ ಅದು, ತಾಯಿ."

ಅಕ್ಕ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ನೋಯದ ಹುಣ್ಣಿನ ಮಾತು ಬಂದಾಗ ನನ್ನ ಕಿವಿಯೊಳಗೆ ಇಡೀ ಶೆಡ್ಡು ನಕ್ಕಿತ್ತು.

ಅವಳನ್ನು ಅಲ್ಲೇ ಮಲಗಿಸಿ ಶೆಡ್ಡಿಗೆ ಓಡಿದೆ. ಭಾವ ಒಂದು ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಶೀಲ್ಡ್ ಮುಖದ ಮೇಲಿತ್ತು, ರಾಡು ಉರಿಯುತ್ತಿತ್ತು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಪಕ್ಕದಲ್ಲಿ ಕೂತೆ.

"ಭಾವ, ಅಕ್ಕನ್ನ ಆಸ್ಪತ್ರೆಗೆ ಸೇರಿಸಿದೀನಿ."

ಕೈ ಅಲುಗಲಿಲ್ಲ. "ಮಗು?"

"ಇದೆ. ಭಾವ, ಆ ರೋಗ ಬರೋದು ಹೇಗೆ ಅಂತ ಡಾಕ್ಟರಮ್ಮ ಹೇಳಿದ್ರು. ಮೊದಲು ಒಂದು ಹುಣ್ಣು ಆಗುತ್ತಂತೆ. ಗಟ್ಟಿ ಅಂಚು. ನೋಯಲ್ವಂತೆ. ತಾನಾಗೇ ಮಾಯುತ್ತಂತೆ. ಆಮೇಲೆ ಅಂಗೈಲಿ ಕಲೆ."

ರಾಡು ಕಬ್ಬಿಣಕ್ಕೆ ಅಂಟಿಕೊಂಡಿತು. ಬಿಡಿಸಲು ಎಳೆದರು. ಜಾಯಿಂಟಿನ ನಡುವೆ ತೂತು ಬಿತ್ತು. ಶೀಲ್ಡ್ ಎತ್ತಲಿಲ್ಲ. ಅದರ ಕಪ್ಪು ಗಾಜಿನ ಹಿಂದೆ ಏನು ನಡೆಯುತ್ತಿತ್ತೋ ನನಗೆ ಕಾಣಲಿಲ್ಲ.

"ಒಂದೇ ಸಲ ಕಣೋ," ಅಂದರು. "ಅಲ್ಲಿ. ಗುಡಾರದಲ್ಲಿದ್ದಾಗ."

ಎಷ್ಟು ಸಲ ಎಂದು ನಾನು ಕೇಳಿರಲಿಲ್ಲ. ರೋಗವೂ ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಅವರು ತೋಳು ಚಾಚಿ ರಕ್ತ ಕೊಟ್ಟರು. ಫಲಿತಾಂಶದಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಸೊಂಟದ ಕೆಳಗೆ ಇಂಜೆಕ್ಷನ್ ಚುಚ್ಚಿಸಿಕೊಂಡು, ಪ್ಯಾಂಟು ಸರಿಮಾಡಿಕೊಳ್ಳುತ್ತ ಕೇಳಿದರು: "ಡಾಕ್ಟರಮ್ಮ, ನಮ್ಮ ಮೊದಲನೇ ಮಗು?"

"ಆಗ ಪರೀಕ್ಷೆ ಮಾಡಿಲ್ಲ, ಆಣೆ ಹಾಕಿ ಹೇಳೋಕಾಗಲ್ಲ. ಆದ್ರೆ ಬಹುಶಃ ಇದೇ ಕಾರಣ."

ಹೊಸದಾಗಿ ಶುರುಮಾಡಿದ ಮದ್ದಿನಲ್ಲಿ ಅಕ್ಕನಿಗೆ ಎರಡನೇ ಇಂಜೆಕ್ಷನ್ ಬೀಳುವ ಮೊದಲೇ ಹೆರಿಗೆ ನೋವು ಶುರುವಾಯಿತು. ಮಗು ಅವಧಿಗೆ ಮುಂಚೆ ಹುಟ್ಟಿತು. ಗಂಡು, ಒಂದು ಹಿಡಿ ಜೀವ, ಉಸಿರಿತ್ತು. ಚರ್ಮ ಸುಲಿಯುತ್ತಿತ್ತು. ಎಡಗೈ ಚಿಂದಿ ಬಟ್ಟೆಯಂತೆ ಜೋತು ಬಿದ್ದಿತ್ತು. ಕೈಗೆ ಪಾರ್ಶ್ವವಾಯು ಹೊಡೆದಿದೆ ಎಂದು ನಾನು ತಿಳಿದೆ. ಅಲ್ಲವಂತೆ, ಮೂಳೆಗೆ ರೋಗ ಇಳಿದು ಎಷ್ಟು ನೋಯುತ್ತದೆಂದರೆ ಕೂಸು ತಾನಾಗಿಯೇ ಕೈ ಅಲುಗಿಸುತ್ತಿಲ್ಲವಂತೆ. ನರ್ಸು ಬಟ್ಟೆ ಬದಲಿಸಲು ಆ ಕೈ ಎತ್ತಿದಾಗಲೆಲ್ಲ ಅದು ಕಿರುಚುತ್ತಿತ್ತು. ಭಾವ ಗಾಜಿನ ಆಚೆ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದರು.

ದಿನವೂ ಆ ಪುಟ್ಟ ರಕ್ತನಾಳ ಹುಡುಕಿ ಪೆನಿಸಿಲಿನ್ ಕೊಟ್ಟರು. ನೋಡಲು ಬಂದ ಅತ್ತೆ ಕೂಸಿನ ಕೈ ನೋಡಿ, ಅಕ್ಕನ ಹಾಸಿಗೆಯ ಬಳಿ ನಿಂತು ಸೆರಗಿನಲ್ಲಿ ಮೂಗು ಒರೆಸಿಕೊಂಡು, ವಾರ್ಡಿನವರೆಲ್ಲ ಕೇಳುವಂತೆ ಅಂದರು:

"ನಾನು ಹೇಳಿರ್ಲಿಲ್ವಾ? ಇವಳ ಹೊಟ್ಟೆ..."

"ಅಮ್ಮ," ಅಂದರು ಭಾವ. "ಸುಮ್ನಿರು. ರೋಗ ನಂದು. ನಾನು ಹೊರಗಡೆಯಿಂದ ತಂದದ್ದು. ಇವಳಿಗೆ ನನ್ನಿಂದ ಬಂತು, ಮಗುವಿಗೆ ಇವಳಿಂದ ಹೋಯ್ತು. ಮೊದಲನೇದೂ ನನ್ನಿಂದ್ಲೇ ಹೋಗಿರ್ಬೇಕು. ಮದ್ದು ನಿಲ್ಲಿಸಿದ್ದೂ ನಾನೇ."

ಪಕ್ಕದ ಹಾಸಿಗೆಯವರು ಹಾಲು ಕುಡಿಸುವುದನ್ನು ನಿಲ್ಲಿಸಿದರು. ಅಕ್ಕ ಗಂಡನ ಮುಖವನ್ನು ನೇರವಾಗಿ ನೋಡಿದಳು.

"ಹುಣ್ಣು ಆದಾಗ ನೀವು ಶೆಡ್ಡಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ರಂತೆ, ತಮ್ಮ ಹೇಳ್ದ," ಅಂದಳು. "ನಂಗೂ ಒಂದ್ಮಾತು ಹೇಳಿದ್ರೆ ನಾನೂ ನಗ್ತಿದ್ದೆನೋ ಏನೋ. ಆದ್ರೆ ಡಾಕ್ಟರ್ ಹತ್ರ ಹೇಳ್ತಿದ್ದೆ."

ಆಸ್ಪತ್ರೆಯಿಂದ ಅವಳು ನೇರ ನನ್ನ ರೂಮಿಗೆ ಬಂದಳು. ಒಂದು ಕಿಟಕಿ, ಒಂದು ಸ್ಟೌವು, ಒಬ್ಬ ಬ್ರಹ್ಮಚಾರಿಯ ಒಗೆಯದ ಬಟ್ಟೆ. ಅಲ್ಲಿ ಈಗ ಮೂರು ಜನ. ನಾನು ಬಾಗಿಲ ಬಳಿ ಮಲಗುತ್ತೇನೆ, ಕೂಸು ಅತ್ತಾಗ ಎಲ್ಲರಿಗಿಂತ ಮೊದಲು ಎದ್ದು ಏನೂ ಮಾಡಲು ತಿಳಿಯದೆ ನಿಲ್ಲುತ್ತೇನೆ. ಅಕ್ಕನ ಇಂಜೆಕ್ಷನ್ ಪೂರ್ತಿಯಾಗಿದೆ, ಭಾವನದೂ ಆಗಿದೆ. ರೋಗ ಹೋಗಿದೆಯೋ ಎಂದು ಮಗುವೂ ಸೇರಿ ಆ ಮೂವರೂ ಆಗಾಗ ರಕ್ತ ತೋರಿಸಬೇಕು. ಮಗು ಈಗ ಎಡಗೈ ಎತ್ತುತ್ತದೆ. ಆದರೆ ಕಣ್ಣು, ಕಿವಿಗಳಿಗೆ ಮುಂದೆ ಎಷ್ಟೋ ವರ್ಷದ ಮೇಲೂ ತೊಂದರೆ ಬರಬಹುದು, ನೋಡುತ್ತಿರಬೇಕು ಎಂದಿದ್ದಾರೆ.

ರಜೆಯ ದಿನ ಭಾವ ಬರುತ್ತಾರೆ. ಅಕ್ಕ ಮಗುವನ್ನು ಅವರ ಕೈಗೆ ಕೊಟ್ಟು ಒಲೆಯ ಕಡೆ ತಿರುಗುತ್ತಾಳೆ. ಮನೆಗೆ ಬಾ ಎಂದು ಅವರು ಕರೆದಿಲ್ಲ, ಬರುತ್ತೇನೆ ಎಂದು ಅವಳು ಹೇಳಿಲ್ಲ. ಮೊನ್ನೆ ಅವರು ಕೂಸನ್ನು ಚಾಪೆಯ ಮೇಲೆ ಮಲಗಿಸಿ, ಅದರ ತಲೆಯ ಹಿಂದೆ ಕೂತು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಮಗು ಕತ್ತು ತಿರುಗಿಸಿತು.

"ಕೇಳಿಸ್ತು!" ಅಂದರು ಭಾವ.

ಅಕ್ಕ ಒಲೆಯಿಂದ ಕಣ್ಣು ತೆಗೆಯಲಿಲ್ಲ.

"ಇವತ್ತಿಗೆ ಕೇಳಿಸ್ತು," ಅಂದಳು.