ಹೊಂಟವರನ್ನು ಬಿಡದ ಮನೆ

ಮೊನ್ನೆ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ಪಕ್ಕದ ಹೆಣ್ಣುಮಗಳ ಚೀಲದಿಂದ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ ವಾಸನೆ ಬಂತು. ಅದರ ಬೆನ್ನಿಗೇ ಖಡಕ್ ರೊಟ್ಟಿಯದು, ಆಮೇಲೆ ಎಣ್ಣೆ ಹೀರಿದ ಹಳೆಯ ಬಟ್ಟೆಯದು. ಇವಳು ಯಾರದೋ ಮನೆಗೆ ಬಂದು ಈಗಷ್ಟೇ ಎದ್ದು ಹೊರಟವಳು ಎಂದು ತಿಳಿಯಲು ಅಷ್ಟು ಸಾಕಾಯಿತು. ಸ್ವಂತ ಮನೆಯಿಂದ ಹೊರಡುವವರು ಇಷ್ಟೆಲ್ಲ ಕಟ್ಟಿಕೊಳ್ಳುವುದಿಲ್ಲ. ಬೇಡ ಬೇಡ ಎಂದರೂ ಕೇಳದೆ, ಚೀಲ ಕಸಿದುಕೊಂಡು, ಸೀರೆಗಳ ನಡುವೆ ಜಾಗ ಮಾಡಿ ತುರುಕಿದ ಬುತ್ತಿಯ ವಾಸನೆಯೇ ಬೇರೆ. ನನ್ನ ಬಸ್ಸು ಬಂದು ನಿಂತರೂ ಎದ್ದೇಳಲು ಮನಸ್ಸಾಗಲಿಲ್ಲ. ತಾಂಬಾದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಯಾರನ್ನೋ ಕಳಿಸಿಕೊಡುತ್ತಿದ್ದೇನೆ ಅನ್ನಿಸಿತು.

ಆ ಮನೆಗೆ ಬರುವುದು ಬಲು ಸುಲಭವಿತ್ತು. ಬಾಗಿಲು ತೆರೆದೇ ಇರುತ್ತಿತ್ತು, ಬಂದವರು ಚಪ್ಪಲಿ ಬಿಟ್ಟು ಪಡಸಾಲೆಗೆ ಬಂದರೆ ಆಯಿತು. ಕಷ್ಟವಿದ್ದದ್ದು ಹೊರಡುವುದರಲ್ಲಿ. ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿಗೆ ‘ಬರ್ತೇವ್ರಿ ಹಂಗಾರ’ ಎಂಬ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿರಲಿಲ್ಲ. ‘ಹೋಗೂದು ಇದ್ದದ್ದೇ ಐತಿ, ಕೂಡು’ ಎನ್ನುತ್ತಿದ್ದಳು. ಬಂದವರು ಕೂಡುತ್ತಿದ್ದರು. ಮತ್ತೆ ಎದ್ದಾಗ ಅಸಲಿ ಮಾತು ಶುರುವಾಗುತ್ತಿತ್ತು. ಮಧ್ಯಾಹ್ನವೆಲ್ಲ ಮಳೆ ಬೆಳೆ ಎಂದು ಕಾಲ ಕಳೆದವರು, ಚೀಲ ಹೆಗಲಿಗೇರಿಸಿದ ಮೇಲೆಯೇ ಮಗಳ ಸಂಸಾರದ ತಾಪತ್ರಯ ಹೇಳಿಕೊಳ್ಳುತ್ತಿದ್ದರು. ಚೀಲ ಮತ್ತೆ ನೆಲಕ್ಕಿಳಿಯುತ್ತಿತ್ತು. ಹೆಣ್ಣುಮಕ್ಕಳಾದರೆ ಕುಂಕುಮ ಹಚ್ಚಬೇಕು, ಉಡಿ ತುಂಬಬೇಕು, ಉಡಿ ತುಂಬಿದ ಮೇಲೆ ಮೊಸರಿನ ನೆನಪಾಗಬೇಕು. ಅಂಗಳಕ್ಕೆ ಇಳಿದರೆ ಒಂದು ಚಪ್ಪಲಿ ಇರುತ್ತಿತ್ತು, ಇನ್ನೊಂದು ಇರುತ್ತಿರಲಿಲ್ಲ. ಅದನ್ನು ಬೇವಿನ ಮರದ ಹಿಂದೆ ಅಡಗಿಸುತ್ತಿದ್ದವರು ನಾವು ಮಕ್ಕಳು. ನಮ್ಮನ್ನು ದೊಡ್ಡವರು ಬೈಯುತ್ತಿದ್ದರು, ಆದರೆ ಹುಡುಕುವ ಅವಸರ ಯಾರಿಗೂ ಇರುತ್ತಿರಲಿಲ್ಲ.

ಇದನ್ನೆಲ್ಲ ಕಂಡು ಮೈ ಉರಿಯುತ್ತಿದ್ದದ್ದು ನಮ್ಮ ಅಪ್ಪನಿಗೆ. ಅಪ್ಪ ಸಾಲಿಯ ಮಾಸ್ತರ. ಊರಿನಲ್ಲಿ ವಾಚು ಕಟ್ಟಿಕೊಂಡು ಅದನ್ನು ನಿಜಕ್ಕೂ ನೋಡುತ್ತಿದ್ದವನು ಅವನೊಬ್ಬನೇ ಇರಬೇಕು. ಇಂಡಿಯಿಂದ ಬಂದು ಸಿಂದಗಿಗೆ ಹೋಗುವ ಬಸ್ಸುಗಳ ವೇಳೆಯೆಲ್ಲ ಅವನಿಗೆ ಬಾಯಿಪಾಠ. ‘ಬಸ್ಸೇನು ನಮ್ಮ ಮನಿ ಚಕ್ಕಡಿ ಅಲ್ಲ, ನಿಮ್ಮ ಮಾತು ಮುಗಿಯೂತನಕ ನಿಂದ್ರಾಕ’ ಎಂದು ಅವನು ಅಂಗಳದಲ್ಲಿ ಚಡಪಡಿಸುತ್ತಿದ್ದರೆ, ಆಯಿ ಒಳಗಿನಿಂದ ಇನ್ನೊಂದು ಡಬ್ಬಿ ತರುತ್ತಿದ್ದಳು. ಬಸ್ಸು ನಿಲ್ಲುವುದು ಮನೆಯ ಎದುರಿಗೇ, ರಸ್ತೆಯ ಆಚೆ. ಅಲ್ಲಿ ಚಹಾದ ಅಂಗಡಿ ಇಟ್ಟಿದ್ದ ಮೌಲಾಸಾಬ ಕಾಕಾ ತಿರುವಿನಲ್ಲಿ ಧೂಳು ಕಂಡ ಕೂಡಲೇ ‘ಬಸ್ ಬಂತ್ರೀ’ ಎಂದು ಕೂಗು ಹಾಕುತ್ತಿದ್ದ. ಆ ಕೂಗಿನ ಮೇಲೆ ನಮ್ಮ ಮನೆಗೆ ಬಂದವರು ಹೊರಡಲು ತಯಾರಾಗುತ್ತಿದ್ದರು. ಎಷ್ಟೋ ಸಲ ಬಸ್ಸು ಹೋಗಿಯೇಬಿಡುತ್ತಿತ್ತು. ಆಗ ಅಪ್ಪನ ಮುಖ ನೋಡಬೇಕು, ಆಯಿಯ ಮುಖವನ್ನೂ ನೋಡಬೇಕು.

ಬಸ್ಸು ಸಿಕ್ಕರೆ ಅಲ್ಲಿಂದ ಮುಂದಿನದು ಅಜ್ಜನ ಕೆಲಸ. ಇಂಡಿಯಿಂದ ಬರುವಾಗಲೇ ತುಂಬಿಕೊಂಡು ಬರುತ್ತಿದ್ದ ಬಸ್ಸಿನಲ್ಲಿ ಸೀಟು ಹಿಡಿಯುವುದೆಂದರೆ ಕಿಟಕಿಯಿಂದ ಟುವಾಲು ಒಗೆಯುವುದು. ಟುವಾಲು ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂಡುವಂತಿಲ್ಲ. ಅದನ್ನು ಮೀರುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ಬಸ್ಸು ಇನ್ನೂ ಉರುಳುತ್ತಿರುವಾಗಲೇ ಅಜ್ಜ ಅದರ ಜೊತೆ ಓಡುತ್ತ, ಒಳಗೆ ಯಾರು ಗಂಟು ಎತ್ತಿಕೊಳ್ಳುತ್ತಿದ್ದಾರೆ, ಯಾರು ಇಲ್ಲಿ ಇಳಿಯುವವರು ಎಂದು ಗುರುತಿಸಿ, ಹೆಗಲ ಮೇಲಿನ ಟುವಾಲು ಎಳೆದು ಸರಿಯಾಗಿ ಅದೇ ಸೀಟಿಗೆ ಒಗೆಯುತ್ತಿದ್ದ. ಬೀಗರು ಹತ್ತಿ ಕೂತ ಮೇಲೆ ಕಿಟಕಿಯಿಂದ ಅದನ್ನು ವಾಪಸು ಕೊಡುತ್ತಿದ್ದರು. ಝಾಡಿಸಿ ಹೆಗಲಿಗೆ ಹಾಕಿಕೊಂಡು ಅಜ್ಜ ಮನೆಗೆ ಬರುವಾಗ ಅವನ ನಡಿಗೆಯೇ ಬೇರೆ ಇರುತ್ತಿತ್ತು.

ಇಂಥ ಮನೆಯಿಂದ ಒಬ್ಬನು ಮಾತ್ರ ಯಾರಿಗೂ ಹೇಳದೆ ಕೇಳದೆ ಹೊರಟುಹೋಗಿದ್ದ. ಅವನು ಅಜ್ಜನ ತಮ್ಮ ಗುರಪ್ಪ, ನಮ್ಮ ಸಣ್ಣಜ್ಜ. ಹೆಂಡತಿಯ ಕಡೆಯ ಹೊಲ ನೋಡಿಕೊಂಡು ಇಂಗಳೇಶ್ವರದಲ್ಲಿ ಇರುತ್ತಿದ್ದ. ನಮ್ಮ ಸೋದರತ್ತಿಯ ಮದುವೆ ತಾಂಬಾದ ಮನೆಯ ಮುಂದೆ ನಡೆದಾಗ, ಹೆಣ್ಣಿನ ತಂದೆಯಾದ ಅಜ್ಜ ಹಂದರದಲ್ಲಿ ಓಡಾಡಿ ಬಂದವರನ್ನೆಲ್ಲ ಕೈಹಿಡಿದು ಊಟಕ್ಕೆ ಎಬ್ಬಿಸಿದ. ನಮ್ಮ ಕಡೆ ಹಾಗೆ ಎಬ್ಬಿಸದೆ ಮರ್ಯಾದಸ್ಥರು ಪಂಕ್ತಿಗೆ ಹೋಗುವುದಿಲ್ಲ. ಸಣ್ಣಜ್ಜನೂ ಜಮಖಾನೆಯ ಮೇಲೆ ಕುಳಿತು ತನ್ನನ್ನು ಕರೆಯಲಿ ಎಂದು ಕಾದ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಕೊನೆಗೆ ಪಾತ್ರೆ ತಿಕ್ಕುವ ಸಪ್ಪಳ ಕೇಳಿ, ಹಸಿದ ಹೊಟ್ಟೆಯಲ್ಲೇ ಎದ್ದು ಬಸ್ಸು ಹತ್ತಿಬಿಟ್ಟ. ‘ಊರ ಮಂದೀನೆಲ್ಲ ಕೈಹಿಡದು ಎಬ್ಬಿಸ್ಯಾನ, ನಾ ಒಬ್ಬಾಂವ ಕಾಣಲಿಲ್ಲೇನು?’ ಎಂದು ಅವನು ಅಂದದ್ದು ಯಾರ ಬಾಯಿಂದಲೋ ನಮ್ಮ ಮನೆಗೆ ಮುಟ್ಟಿತು. ಅಜ್ಜ ಅದಕ್ಕಿಂತ ಹೆಚ್ಚು ಸಿಟ್ಟಾದ. ‘ಅಂವ ಮನಿ ಮಗ. ಮನಿ ಮಗನ್ನ ಯಾರರೆ ಊಟಕ್ಕ ಕರೀತಾರೇನು? ಕರದಿದ್ರ ಅಂವಗ ಅವಮಾನ ಆಗಬೇಕಿತ್ತು’ ಎಂದ. ಒಬ್ಬನಿಗೆ ಕರೆಯದಿರುವುದು ಅವಮಾನ, ಇನ್ನೊಬ್ಬನಿಗೆ ಕರೆಯುವುದೇ ಅವಮಾನ. ಇಬ್ಬರೂ ಖರೆಯನ್ನೇ ಹೇಳುತ್ತಿದ್ದುದರಿಂದ ರಾಜಿ ಮಾಡಿಸಲು ಯಾರಿಗೂ ದಾರಿ ಸಿಗಲಿಲ್ಲ. ವರ್ಷಗಟ್ಟಲೆ ಮಾತು ನಿಂತುಹೋಯಿತು. ಇದರಲ್ಲಿ ನಿಜವಾಗಿ ಬೆಂದವಳು ಆಯಿ. ಅವಳು ಸೊಸೆಯಾಗಿ ಬಂದಾಗ ಗುರಪ್ಪ ಇನ್ನೂ ಚಡ್ಡಿ ಸಹ ಸರಿಯಾಗಿ ಹಾಕಿಕೊಳ್ಳಲು ಬಾರದ ಹುಡುಗ. ತುತ್ತು ಮಾಡಿ ಉಣಿಸಿ ಬೆಳೆಸಿದವಳು ಅವಳೇ. ‘ನನ್ನ ಮನ್ಯಾಗಿಂದ ಉಪಾಸ ಹೋದನಲ್ಲ’ ಎಂದು ನೆನಪಾದಾಗಲೆಲ್ಲ ಅನ್ನುತ್ತಿದ್ದಳು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಸಣ್ಣಜ್ಜ ತನ್ನ ಮಗನ ಮದುವೆಯ ಆಮಂತ್ರಣ ಕೊಡಲು ಬಂದ. ಎಷ್ಟೇ ಮುನಿಸಿದ್ದರೂ ಒಡಹುಟ್ಟಿದವನಿಗೆ ಆಮಂತ್ರಣವನ್ನು ಸ್ವತಃ ಬಂದು ಕೊಡಲೇಬೇಕು. ಹೊಸ್ತಿಲ ಆಚೆಯೇ ನಿಂತು, ಕುಂಕುಮ ಹಚ್ಚಿದ ಪತ್ರಿಕೆಯನ್ನು ಆಯಿಯ ಕೈಗಿಟ್ಟು, ‘ಮುದ್ದೇಬಿಹಾಳದ ಕಡಿ ಹೆಣ್ಣು. ಬರೂದು ಬಿಡೂದು ನಿಮಗ ಬಿಟ್ಟದ್ದು. ಹೊಂಡತೇನಿ ವೈನಿ’ ಎಂದ. ಅಜ್ಜ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. ಆದರೆ ‘ಹೊಂಡತೇನಿ’ ಎಂಬ ಮಾತು ಆಯಿಯ ಮುಂದೆ ಆಡಬಾರದಿತ್ತು. ಒಳಗೇ ಬರದವನನ್ನು ಅವಳು ಕಳಿಸಿಕೊಡಲು ಶುರುಮಾಡಿದಳು. ನೀರು ತಂದಳು. ನಿಂತು ಕುಡಿಯಲು ಹೋದರೆ, ‘ನಿಂತ ನೀರ ಕುಡದ್ರ ಮೊಣಕಾಲ ಹಿಡೀತಾವ, ಕೂಡು’ ಎಂದು ಕಟ್ಟೆಯ ಮೇಲೆ ಕೂಡಿಸಿದಳು. ಕೂತ ಮೇಲೆ ಸೊಸೆ ಯಾರ ಮನೆಯವಳು, ಎಷ್ಟು ಕಲಿತಿದ್ದಾಳೆ, ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಎಲ್ಲ ಕೇಳಿದಳು. ಅಪ್ಪ ರೂಢಿಯಂತೆ ವಾಚು ನೋಡಿ ‘ಬಸ್ಸಿನ ಹೊತ್ತಾತು’ ಎಂದ. ಆಯಿ ಅವನತ್ತ ನೋಡಿದ ನೋಟಕ್ಕೆ ಮಾಸ್ತರ ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ಮೌಲಾಸಾಬ ಕಾಕಾನ ಕೂಗು ಕೇಳಿತು. ಸಣ್ಣಜ್ಜ ಬಿಡಿಸಿಕೊಂಡವನ ಹಾಗೆ ಎದ್ದ. ಮನೆಯ ಹಿರಿಯನು ಬಂದವರನ್ನು ಬಸ್ಸಿನ ತನಕ ಕಳಿಸಬೇಕು ಎನ್ನುವುದು ಆ ಮನೆಯ ಕಟ್ಟಳೆ, ಬಂದವನ ಮೇಲೆ ಸಿಟ್ಟಿರಲಿ ಬಿಡಲಿ. ಅಜ್ಜ ಹಗ್ಗ ಕೆಳಗಿಟ್ಟು, ತಮ್ಮನಿಂದ ಒಂದಿಷ್ಟು ದೂರ ಬಿಟ್ಟು ಹಿಂದೆ ನಡೆದ. ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಬಾಗಿಲಲ್ಲಿ ಮಂದಿ ಸಣ್ಣಜ್ಜನನ್ನು ತಳ್ಳಾಡತೊಡಗಿದರು. ಅದನ್ನು ಕಂಡದ್ದೇ ತಡ, ಅಜ್ಜ ಓಡಿದ. ಅವನು ಯೋಚಿಸಿ ಓಡಲಿಲ್ಲ, ಬಸ್ಸು ಕಂಡರೆ ಅವನ ಕಾಲು ತಾನೇ ಓಡುತ್ತಿತ್ತು. ಕಿಟಕಿಯಿಂದ ಟುವಾಲು ಹಾರಿತು. ‘ಹಿಂದಿನ ಕಿಡಕಿ ಸೀಟ ಹಿಡದೇನಿ, ಹತ್ತೋ ಗುರಪ್ಪಾ!’ ಎಂದು ಅರಚಿದ. ಅರಚಿದ ಮೇಲೆ ತನಗೇ ಗಾಬರಿಯಾದವನ ಹಾಗೆ ನಿಂತ. ಸಣ್ಣಜ್ಜ ಹತ್ತಿ, ಆ ಸೀಟಿಗೆ ಹೋಗಿ ಕೂತು, ಕಿಟಕಿಯಿಂದ ಅಣ್ಣನನ್ನು ನೋಡಿದ. ಇಬ್ಬರೂ ನೋಡುತ್ತ ಉಳಿದರೇ ಹೊರತು ಟುವಾಲಿನ ನೆನಪು ಇಬ್ಬರಿಗೂ ಆಗಲಿಲ್ಲ. ಕಂಡಕ್ಟರ ಸೀಟಿ ಊದಿದ, ಬಸ್ಸು ಹೋಯಿತು, ಟುವಾಲೂ ಹೋಯಿತು.

ಆಮೇಲೆ ಅಜ್ಜನಿಗೆ ನೆಮ್ಮದಿ ಇಲ್ಲ. ಮನೆಯಲ್ಲಿ ಬೇರೆ ಟುವಾಲುಗಳು ಬೇಕಾದಷ್ಟಿದ್ದವು. ಒಂದೂ ಹೆಗಲಿಗೆ ಸರಿಹೋಗಲಿಲ್ಲ. ಮೇಲಿಂದ ಮೇಲೆ ಖಾಲಿ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಮದುವೆಗೆ ಹೋಗುವ ಮಾತು ಯಾರೂ ಎತ್ತಲಿಲ್ಲ, ಎತ್ತಬಾರದೆಂದು ಆಯಿ ಎಲ್ಲರಿಗೂ ಕಣ್ಣಿನಲ್ಲೇ ಹೇಳಿದ್ದಳು. ಮದುವೆಯ ದಿನ ಬೆಳಿಗ್ಗೆ ಅಜ್ಜ ಒಗೆದ ಧೋತರ ಉಟ್ಟು ಅಂಗಳದಲ್ಲಿ ನಿಂತು, ‘ನಾ ಮದಿವಿಗೇನ ಹೊಂಟಿಲ್ಲ. ಟುವಾಲ ತರಾಕ ಹೊಂಟೇನಿ’ ಎಂದು ಘೋಷಿಸಿದ. ಆಯಿ ಆಗಲೇ ಹೊಸ ಸೀರೆ ಉಟ್ಟಾಗಿತ್ತು. ಹೀಗೆ ಟುವಾಲು ತರಲು ಇಡೀ ಮನೆಯೇ ಬಾಗೇವಾಡಿ ದಾಟಿ ಇಂಗಳೇಶ್ವರಕ್ಕೆ ಹೋಯಿತು.

ಅಲ್ಲಿ ಅಕ್ಕಿಕಾಳು ಬಿದ್ದು ಮದುವೆ ಮುಗಿದು ಊಟದ ಹೊತ್ತಾದಾಗ ನನಗೆ ಹಸಿವಿನ ಜೊತೆ ಹೆದರಿಕೆಯೂ ಶುರುವಾಯಿತು. ಅಜ್ಜ ಹಂದರದ ಮೂಲೆಯಲ್ಲಿ ಜಮಖಾನೆಯ ಮೇಲೆ ಕುಳಿತುಬಿಟ್ಟಿದ್ದ. ಸಣ್ಣಜ್ಜ ಬಂದು ಕೈಹಿಡಿದು ಎಬ್ಬಿಸಿದರೆ ಅಜ್ಜ ಪರಕೀಯನಾದ ಹಾಗೆ. ಎಬ್ಬಿಸದಿದ್ದರೆ ಹಳೆಯ ಸೇಡು ತೀರಿಸಿಕೊಂಡ ಹಾಗೆ. ಗೋಧಿ ಹುಗ್ಗಿಯ ವಾಸನೆ ಹಂದರ ತುಂಬಿತ್ತು. ಒಂದು ಪಂಕ್ತಿ ಎದ್ದಿತು. ಆಯಿ ಯಾರು ಕರೆದರೂ ಏಳದೆ ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಪಂಕ್ತಿ ಕೂತಿತು. ಆಗ ಸಣ್ಣಜ್ಜ ಬೆವರು ಒರೆಸಿಕೊಳ್ಳುತ್ತ ಬಂದ. ಅಜ್ಜನ ಟುವಾಲು ಅವನ ನಡುವಿಗೆ ಸುತ್ತಿತ್ತು. ಅದನ್ನು ಬಿಚ್ಚಿ, ಬಗ್ಗಿ, ಅಣ್ಣನ ನಡುವಿಗೆ ಬಿಗಿಯಾಗಿ ಕಟ್ಟಿ, ಕೈಯಲ್ಲಿ ಹುಗ್ಗಿಯ ಬಕೀಟು ಕೊಟ್ಟ. ‘ಕುಂತೇನ ನೋಡತಿ ಅಣ್ಣಾ? ಮಂದಿ ಎಲಿ ಮುಂದ ಕುಂತೈತಿ. ಬಡಸ ನಡಿ’ ಎಂದ.

ಅಜ್ಜ ಬಕೀಟು ನೋಡಿದ, ತಮ್ಮನನ್ನು ನೋಡಿದ, ಎದ್ದ. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಸಾಕು ಎಂದವರಿಗೂ ಬಡಿಸಿದ, ಕಡಿಮೆ ತುಪ್ಪ ಹಾಕಿದ ಹುಡುಗರನ್ನು ಬೈದ, ಮುದ್ದೇಬಿಹಾಳದ ಬೀಗರಿಗೆ ಜುಲುಮಿ ಮಾಡಿ ಎಲೆ ತುಂಬಿಸಿದ. ಕೊನೆಯ ಪಂಕ್ತಿಯಲ್ಲಿ ಅಣ್ಣ ತಮ್ಮ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಬಡಿಸಿದವಳು ಆಯಿ. ಬಡಿಸುತ್ತಲೇ ಅತ್ತಳು. ಆ ದಿನ ನಮಗೆ ಬಸ್ಸು ತಪ್ಪಿತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ತಾಂಬಾದ ಆ ಮನೆ ಇಲ್ಲ. ರಸ್ತೆ ದೊಡ್ಡದಾದಾಗ ಕಟ್ಟೆ ಹೋಯಿತು, ಬೇವಿನ ಮರ ಹೋಯಿತು, ಉಳಿದ ಜಾಗದಲ್ಲಿ ಶಟರ್ ಹಾಕಿದ ಅಂಗಡಿಗಳು ಬಂದಿವೆ. ನನ್ನ ಮನೆಗೆ ಬರುವವರು ಬೈಕು, ಕಾರುಗಳಲ್ಲಿ ಬರುತ್ತಾರೆ, ಮೊಬೈಲು ನೋಡುತ್ತ ಎದ್ದು ಬೈ ಎನ್ನುತ್ತಾರೆ. ಆದರೂ ಕಾರಿನ ಗಾಜು ಇಳಿಸಿ, ಇಂಜಿನ್ನು ಚಾಲೂ ಇಟ್ಟು, ಅರ್ಧ ತಾಸು ಮಾತಾಡುವ ಮಂದಿ ಇನ್ನೂ ಇದ್ದಾರೆ. ಅಂಥವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವಳು ನನ್ನ ಮಗಳೇ. ಅವಳು ಆಯಿಯನ್ನು ನೋಡಿದವಳಲ್ಲ. ಪೆಟ್ರೋಲು ಸುಡುತ್ತದೆ ಎಂದು ಅವಳ ಗಂಡ ಗೊಣಗುತ್ತಾನೆ, ನನಗೆ ಮಾತ್ರ ಒಳಗೊಳಗೇ ಸಂತೋಷವಾಗುತ್ತದೆ.

ಅಜ್ಜ ತೀರಿಕೊಂಡದ್ದು ಆ ಮನೆ ಇನ್ನೂ ಇದ್ದಾಗ, ಜೋಳದ ರಾಶಿಯ ದಿನಗಳಲ್ಲಿ. ಸಣ್ಣಜ್ಜ ಬಂದು ಕ್ರಿಯಾಕರ್ಮ ಮುಗಿಯುವ ತನಕ ಇದ್ದ. ಬೀಗರು ಬಿಜ್ಜರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಚೀಲ ಹಿಡಿದು ಪಡಸಾಲೆಗೆ ಬಂದು, ‘ಬರ್ತೇನಿ ಹಂಗಾರ’ ಎಂದ. ಆಯಿ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಷ್ಟೋ ದಿನಗಳಿಂದ ಅವಳ ದನಿಯೇ ಇರಲಿಲ್ಲ. ಸಣ್ಣಜ್ಜ ಅಂಗಳಕ್ಕೆ ಇಳಿದ. ಚಪ್ಪಲಿ ಎರಡೂ ಅಲ್ಲೇ ಇದ್ದವು. ಮೆಟ್ಟಿಕೊಂಡು, ಮತ್ತೆ ಮನೆಯ ಕಡೆ ತಿರುಗಿ, ಅಪ್ಪನಿಗೆ ‘ಇರು ಅನ್ನೋರಿಲ್ಲಂದ್ರ ಈ ಮನ್ಯಾಗಿಂದ ಹೊಂಡೂದು ಹ್ಯಾಂಗೋ ತಮ್ಮಾ?’ ಎಂದ. ರಸ್ತೆಯ ಆಚೆಯಿಂದ ಮೌಲಾಸಾಬ ಕಾಕಾ ಕೂಗಿದ. ತಿರುವಿನಲ್ಲಿ ಸಿಂದಗಿ ಬಸ್ಸು ನಮಗೆಲ್ಲ ಕಾಣುತ್ತಿತ್ತು. ಅಪ್ಪ ವಾಚು ನೋಡಿದ, ಬಸ್ಸನ್ನೂ ನೋಡಿದ. ಆಮೇಲೆ ಅಂಗಳಕ್ಕೆ ಇಳಿದು, ಸಣ್ಣಜ್ಜನ ಕೈಯಿಂದ ಚೀಲ ತೆಗೆದುಕೊಂಡ.

‘ಕೂಡ್ರಿ ಕಾಕಾ’ ಎಂದ. ‘ಅದು ನಮ್ಮ ಬಸ್ಸಲ್ಲ.’

ಸಣ್ಣಜ್ಜ ಕಟ್ಟೆಯ ಮೇಲೆ ಕೂತ. ಬಸ್ಸು ಬಂದು, ನಿಂತು, ಯಾರೂ ಹತ್ತದಿರುವುದನ್ನು ಕಂಡು ಹೊರಟುಹೋಯಿತು. ಅದರ ಸಪ್ಪಳ ದೂರವಾದ ಮೇಲೆ ಒಳಗಿನ ಕೋಣೆಯಿಂದ ಆಯಿಯ ದನಿ ಬಂತು: ‘ಒಲಿ ಹಚ್ಚರೆವಾ ಯಾರರೆ. ಗುರಪ್ಪ ಇನ್ನೂ ಅದಾನ.’